ಎರಡು ಬೆರಳು ಸಡಿಲ

ಟೇಲರಮ್ಮನ ಮನೆಗೆ ಸೊಸೆ ಬಂದು ನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳಲ್ಲಿ ಅತ್ತೆ ಸೊಸೆ ಒಂದೇ ಒಂದು ಸಲವೂ ಜಗಳವಾಡಿರಲಿಲ್ಲ. ಕೇಳಿದವರೆಲ್ಲ "ಪುಣ್ಯ ಮಾಡಿದ್ರಿ ಬಿಡಿ" ಎನ್ನುತ್ತಿದ್ದರು. ಟೇಲರಮ್ಮ ಹೂಂಗುಟ್ಟಿ ಒಳಗೆ ಬಂದು, ಹೊಲಿಗೆ ಯಂತ್ರದ ಮುಂದೆ ಕೂತು, ಬಟ್ಟೆಯೂ ಇಲ್ಲದೆ ದಾರವೂ ಇಲ್ಲದೆ ಸುಮ್ಮನೆ ಪೆಡಲು ತುಳಿಯುತ್ತಿದ್ದಳು. ಜಗಳವಾಡಬೇಕಾದರೂ ಮೊದಲು ಒಬ್ಬರು ಇನ್ನೊಬ್ಬರನ್ನು ಕರೆಯಬೇಕಲ್ಲ. ಈ ಮನೆಯಲ್ಲಿ ಅದೇ ಆಗುತ್ತಿರಲಿಲ್ಲ.

ತಪ್ಪು ಯಾರದೂ ಅಲ್ಲ. ಸೊಸೆ ದನದ ಡಾಕ್ಟರು. ಸೊಸೆಯಾಗುವುದಕ್ಕೆ ಮುಂಚೆ ಐದು ವರ್ಷ ಟೇಲರಮ್ಮನ ಗಿರಾಕಿ. ಮೊಣಕಾಲಿಗೆ ಎರಡು ಪದರ ಬಟ್ಟೆ ಕೊಟ್ಟ ಪ್ಯಾಂಟು, ಎಂಟು ಜೇಬಿನ ಕೋಟು, ಭುಜದವರೆಗೆ ಮಡಚಿ ಗುಂಡಿ ಹಾಕಬಹುದಾದ ತೋಳು, ಎಲ್ಲವನ್ನೂ ಇಲ್ಲೇ ಹೊಲಿಸುತ್ತಿದ್ದಳು. "ಬನ್ನಿ ಡಾಕ್ಟ್ರೇ, ಸ್ವಲ್ಪ ತಿರುಗಿ ಡಾಕ್ಟ್ರೇ, ಕೈ ಎತ್ತಿ ಡಾಕ್ಟ್ರೇ" ಎಂದು ಇವಳು. "ಯಾವಾಗ ಬರ್ಲಿ ಟೇಲರಮ್ಮ" ಎಂದು ಅವಳು. ಎಲ್ಲ ಸೊಗಸಾಗಿ ನಡೆದಿತ್ತು. ಹೀಗಿರುವಾಗ ಟೇಲರಮ್ಮನ ಮಗ, ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು, ಹೊಲಿದ ಕೋಟನ್ನು ಕೊಟ್ಟು ಬರುತ್ತೇನೆಂದು ಹೋದವನು ಒಂದು ಗಂಟೆಯಾದರೂ ಬರಲಿಲ್ಲ. ಗುಂಡಿ ಸಡಿಲವಾಗಿದೆಯಂತೆ ಎಂದು ಅದೇ ಕೋಟು ಹಿಡಿದು ಮೂರು ಸಲ ಹೋಗಿಬಂದ. ತಾನು ಹೊಲಿದ ಗುಂಡಿ ಸಡಿಲವಾಗುವುದಿಲ್ಲ ಎಂದು ಟೇಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಉಳಿದದ್ದೂ ಗೊತ್ತಾಯಿತು. ಮದುವೆಗೆ ಕುಣಿದಾಡಿಕೊಂಡು ಒಪ್ಪಿದಳು.

ತೊಂದರೆ ಶುರುವಾದದ್ದು ಮದುವೆಯ ಮಾರನೆಯ ಬೆಳಿಗ್ಗೆ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು "ಟೇ..." ಎಂದು ಬಾಯಿ ತೆರೆದಳು. ಅತ್ತೆಯನ್ನು ಟೇಲರಮ್ಮ ಎಂದು ಕರೆಯುವುದುಂಟೇ ಎಂದು ಅಲ್ಲೇ ಹೊಳೆದು ನಾಲಿಗೆ ಕಚ್ಚಿಕೊಂಡಳು. ಬಾಯಿ ತೆರೆದಾಗಿತ್ತು, ಏನಾದರೂ ಹೇಳಲೇಬೇಕು. "ಟೇ... ಟೀ ಇದ್ಯಾ?" ಎಂದಳು. ಅವಳು ಹುಟ್ಟಿದಾಗಿನಿಂದ ಕಾಫಿಯವಳು. ಅವತ್ತಿನಿಂದ ಪಾಪ ದಿನಕ್ಕೆ ಎರಡು ಲೋಟ ಟೀ ಕುಡಿಯುತ್ತಿದ್ದಾಳೆ.

ಟೇಲರಮ್ಮನ ಪಾಡೂ ಬೇರೆಯಲ್ಲ. ಇಸ್ತ್ರಿ ಪೆಟ್ಟಿಗೆ ತಿಕ್ಕುತ್ತ "ಬಾರೇ, ಕೂತ್ಕೊಳೇ, ಊಟ ಮಾಡೇ" ಎಂದು ಗೋಡೆಗೆ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಗೋಡೆಯ ಹತ್ತಿರ ಎಲ್ಲ ಸಲೀಸು. ಸೊಸೆ ಎದುರಿಗೆ ಬಂದಳೋ, "ಬನ್ನಿ ಡಾಕ್ಟ್ರೇ" ಎಂದು ಎದ್ದು ನಿಲ್ಲುತ್ತಿದ್ದಳು. ಸೊಸೆ ಕುಡಿದಿಟ್ಟ ಲೋಟವನ್ನು ಕೈಯಿಂದ ಕಿತ್ತುಕೊಂಡು ತೊಳೆಯುತ್ತಿದ್ದಳು. ಅವಳು ಪೊರಕೆ ಮುಟ್ಟಿದರೆ "ಅಯ್ಯೋ ನಿಮಗ್ಯಾಕೆ" ಎಂದು ಕಸಿದುಕೊಳ್ಳುತ್ತಿದ್ದಳು. ಇಲ್ಲಿ ಇಬ್ಬರನ್ನೂ ಅವಳು ಇವಳು ಎಂದು ಬರೆಯುವ ಸಲುಗೆ ಕತೆ ಹೇಳುವವರಿಗೆ ಮಾತ್ರ, ಆ ಮನೆಯೊಳಗೆ ಯಾರಿಗೂ ಅದಿರಲಿಲ್ಲ. ಒಬ್ಬರಿಗೊಬ್ಬರು ಏನಾದರೂ ಹೇಳಬೇಕಾದರೆ ಕೆಮ್ಮುವುದು, ಬಾಗಿಲು ತಟ್ಟುವುದು, ಇಲ್ಲವೇ ಮಗನ ಮೂಲಕ ಹೇಳಿಸುವುದು. ಒಂದು ಸಲ ಬೇಕರಿಯಲ್ಲಿದ್ದ ಮಗನಿಗೆ ಇಬ್ಬರೂ ಫೋನ್ ಮಾಡಿ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಇವಳೂ, ಕಪಾಟಿನ ಮೇಲಿದೆ ಅಂತ ಅವಳೂ ಹೇಳಿಸಿದ್ದರು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತಿದ್ದರು.

ಹೋದ ಗುರುವಾರ ಟೇಲರಮ್ಮ ಇಸ್ತ್ರಿ ಮಾಡುತ್ತಿದ್ದಾಗ, ಅದೇ ಗೋಡೆಯ ಆಚೆಯಿಂದ ಸೊಸೆಯ ಮಾತು ಕೇಳಿಸಿತು. "ನಾನಿಲ್ಲಿ ನೆಂಟರ ಥರ ಇದೀನಿ ಕಣೋ. ಒಂದು ಲೋಟ ತೊಳೆಯೋಕೂ ಬಿಡಲ್ಲ ಅವರು. ನನ್ನ ಕಂಡ್ರೆ ಎದ್ದು ನಿಲ್ತಾರೆ. ಅವರಿಗೂ ಹಿಂಸೆ, ನನಗೂ ಹಿಂಸೆ. ಭಾನುವಾರ ಸಾಯಂಕಾಲ ಐದು ಗಂಟೆಗೆ ಆ ಬಾಡಿಗೆ ಮನೆ ನೋಡ್ಕೊಂಡು ಬಂದ್ಬಿಡೋಣ." ಮಗ ಏನೋ ಗೊಣಗಿದ. ಟೇಲರಮ್ಮನ ಕೈಯಡಿ ಯಾರದೋ ಪ್ಯಾಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರಕ್ಕೆ ಸರಿಯಾಗಿ ಒಂದು ಕಂದು ಕಲೆ ಎದ್ದಿತು.

ಹೋಗಬೇಡ ಎಂದರೆ ಮುಗಿಯಿತು. ಅವಳಿಗೆ ಸೊಸೆಯೆಂದರೆ ಅಷ್ಟು ಇಷ್ಟ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ಎಳೆಯುವ ಹುಡುಗಿ ತನ್ನ ಮನೆಯಲ್ಲಿ ಇದ್ದಾಳೆಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು. ಆದರೆ "ಹೋಗಬೇಡಿ ಡಾಕ್ಟ್ರೇ" ಎಂದರೆ ಹೇಗಿರುತ್ತದೆ? ಆಸ್ಪತ್ರೆ ಬಾಗಿಲಲ್ಲಿ ನಿಂತು ಕೇಳಿಕೊಂಡ ಹಾಗಾಗುತ್ತದೆ. ಶುಕ್ರವಾರವಿಡೀ ಯೋಚಿಸಿದಳು. ಯೋಚನೆ ಕೊನೆಗೆ ಹಿತ್ತಲಿನ ಹುಲ್ಲಿಗೆ ಬಂದು ನಿಂತಿತು.

ಹಿತ್ತಲೆಂದರೆ ಸಣ್ಣದಲ್ಲ, ಫುಟ್‌ಬಾಲ್ ಆಡಬಹುದು. ಟೇಲರಮ್ಮನ ಗಂಡ ಬದುಕಿದ್ದಾಗ ಆಟದ ಮೈದಾನ ನೋಡಿಕೊಳ್ಳುವ ಕೆಲಸದಲ್ಲಿದ್ದ. ಮೇಲೆ ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಗಾಡಿಯೊಂದು ಅಲ್ಲಿ ಹಳತಾದಾಗ ಅದನ್ನು ಮನೆಗೆ ತಂದಿದ್ದ. ಅವನ ನಂತರ ಮಗ ಓಡಿಸುತ್ತಿದ್ದ ಆ ಗಾಡಿ ಈಗ ಎರಡು ತಿಂಗಳಿಂದ ಕೆಟ್ಟು ಕೂತಿತ್ತು. ಹುಲ್ಲು ಮೊಣಕಾಲು ದಾಟಿತ್ತು. ಮೊದಮೊದಲು ಸೊಸೆ ಆಸ್ಪತ್ರೆಯಿಂದ ಬಂದು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಹುಲ್ಲು ಬೆಳೆದ ಮೇಲೆ ಒಳಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಟೇಲರಮ್ಮನ ಲೆಕ್ಕಾಚಾರ ಸರಳವಾಗಿತ್ತು: ಹುಲ್ಲು ಕತ್ತರಿಸಿದರೆ ಅವಳು ಹೊರಗೆ ಕೂರುತ್ತಾಳೆ, ಹೊರಗೆ ಕೂತರೆ ಮನಸ್ಸು ಹಗುರಾಗುತ್ತದೆ, ಮನಸ್ಸು ಹಗುರಾದವರು ಬಾಡಿಗೆ ಮನೆ ನೋಡಲು ಹೋಗುವುದಿಲ್ಲ. ಬುದ್ಧಿವಂತರು ನಗಬಹುದು. ಅವಳಿಗೆ ಬೇರೆ ದಾರಿ ತೋಚಲಿಲ್ಲ.

ಭಾನುವಾರ ಬೆಳಿಗ್ಗೆ ಮಗ ಬೇಕರಿಗೆ ಹೋದ ಮೇಲೆ, ಶನಿವಾರ ಕೊಂಡು ತಂದಿದ್ದ ಹೊಸ ಬೆಲ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಅವಳು ಶೆಡ್ಡಿಗೆ ನಡೆದಳು. ಬೆಲ್ಟು ಎರಡು. ಒಂದು ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗಿ ಗಾಡಿ ನಡೆಸುತ್ತದೆ. ಇನ್ನೊಂದು ಹೊಟ್ಟೆಯಡಿಯ ತಟ್ಟೆಯೊಳಗಿನ ಬ್ಲೇಡು ತಿರುಗಿಸುತ್ತದೆ. ಇದೆಲ್ಲ ಅವಳಿಗೆ ಬಾಯಿಪಾಠ. ಇಪ್ಪತ್ತು ವರ್ಷ ಗಂಡ ಗಾಡಿಯಡಿ ಮಲಗಿ ಕೈ ಚಾಚಿದಾಗಲೆಲ್ಲ ಸ್ಪ್ಯಾನರ್ ಕೊಟ್ಟವಳು ಇವಳೇ. ಸೀಟಿನ ಮೇಲೆ ಮಾತ್ರ ಒಂದು ದಿನವೂ ಕೂತಿರಲಿಲ್ಲ. ಪುಣ್ಯಾತ್ಮ ಮಿಕ್ಕೆಲ್ಲ ಕೊಟ್ಟ, ಆ ಸೀಟು ಕೊಡಲಿಲ್ಲ.

ಕೀಲಿ ತೆಗೆದಳು. ಪ್ಲಗ್ಗಿನ ವೈರು ಕಿತ್ತಿಟ್ಟಳು. ತಟ್ಟೆಯನ್ನು ಕೆಳಕ್ಕಿಳಿಸಿ, ಅದನ್ನು ಹಿಡಿದಿದ್ದ ಪಿನ್ನುಗಳನ್ನು ಒಂದೊಂದಾಗಿ ಎಳೆದಳು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಕೊಟ್ಟ ಏಟಿಗೆ ಬೀದಿಯ ಕೊನೆಯ ನಾಯಿ ಬೊಗಳಿತು.

ಶೆಡ್ಡಿನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಸೊಸೆ. ರಬ್ಬರ್ ಬೂಟು, ಎಂಟು ಜೇಬಿನ ಹಳೆಯ ಕೋಟು.

"ಏನಾದ್ರೂ ಹಿಡ್ಕೋಬೇಕಿತ್ತಾ?" ಎಂದು ಅವಳು ಗಾಡಿಯನ್ನು ಕೇಳಿದಳು.

"ಬೇಡ ಬೇಡ, ನಿಮಗ್ಯಾಕೆ ಡಾಕ್ಟ್ರೇ, ಬಟ್ಟೆ ಗಲೀಜಾಗುತ್ತೆ. ಹೋಗಿ ಕೂತ್ಕೊಳ್ಳಿ."

"ಈ ಕೋಟಿನ ಮೇಲೆ ಏನೇನು ಬಿದ್ದಿದೆ ಅಂತ ಹೇಳಿದ್ರೆ ನೀವು ಮತ್ತೆ ಇದನ್ನ ಒಗೆಯಲ್ಲ" ಎಂದು ಹೇಳಿ, ಉತ್ತರಕ್ಕೂ ಕಾಯದೆ, ಅವಳು ಗಾಡಿಯ ಪಕ್ಕ ನೆಲದ ಮೇಲೆ ಅಂಗಾತ ಮಲಗಿಯೇಬಿಟ್ಟಳು. ಸುತ್ತಿಗೆಯನ್ನು ಇವಳ ಕೈಯಿಂದ ಈಸಿಕೊಂಡು ಎರಡೇ ಏಟಿಗೆ ಪಿನ್ನು ಕಿತ್ತಳು. ಇಬ್ಬರೂ ಸೇರಿ ತಟ್ಟೆಯನ್ನು ಪಕ್ಕಕ್ಕೆ ಎಳೆದರು. ಅದರ ಮೇಲಿನ ಬೆಲ್ಟು ಒಣಗಿದ ಸೀಗಡಿಯಂತೆ ಮುದುಡಿ ಬಿರುಕು ಬಿಟ್ಟಿತ್ತು. ಬೆಲ್ಟು ಯಾವ ರಾಟೆಯ ಒಳಗಿನಿಂದ, ಯಾವುದರ ಹೊರಗಿನಿಂದ ಹೋಗಿದೆ ಎಂದು ಟೇಲರಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಶೆಡ್ಡಿನ ನೆಲದ ಮೇಲೆ ನಕ್ಷೆ ಬರೆದಳು.

"ಕೋಟಿನ ಕುತ್ತಿಗೆಗೆ ಗುರುತು ಹಾಕಿದ ಹಾಗಿದೆ" ಎಂದಳು ಸೊಸೆ.

"ಕೋಟಿನ ಕುತ್ತಿಗೆ ಅಷ್ಟು ಕಷ್ಟ ಇಲ್ಲ ಬಿಡಿ."

ಚಕ್ರದ ಬೆಲ್ಟು ಮೊದಲು. ಬ್ರೇಕು ಒತ್ತಿ ಕೊಕ್ಕೆ ಸಿಕ್ಕಿಸಿದರೆ ಅದು ಸಡಿಲವಾಗುತ್ತದೆ. ಸೊಸೆ ಗಾಡಿಯಡಿ ಭುಜದವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಬರೀ ಬೆರಳಿನಿಂದಲೇ ದಾರಿ ಹುಡುಕಿ, ಹಳೆಯದನ್ನು ಹೊರಗೆಳೆದಳು. ಹೊಸದನ್ನೂ ಹಾಗೆಯೇ ಒಳಗೆ ಕಳಿಸಿ ರಾಟೆಗಳ ಮೇಲೆ ಕೂರಿಸಿದಳು. ಟೇಲರಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಗಂಡನಿಗೆ ಇದಕ್ಕೆ ಅರ್ಧ ದಿನ ಬೇಕಾಗುತ್ತಿತ್ತು, ಜೊತೆಗೆ ಒಂದು ರಾಶಿ ಬೈಗುಳ.

ಎಡವಟ್ಟಾದದ್ದು ಬ್ಲೇಡಿನ ಬೆಲ್ಟಿನಲ್ಲಿ. ಹೊಸದನ್ನು ತಟ್ಟೆಯ ರಾಟೆಗಳಿಗೆ ಸುತ್ತಿ ನೋಡಿದರೆ ಅದು ಅಣ್ಣನ ಚಡ್ಡಿ ತಮ್ಮ ಹಾಕಿಕೊಂಡಂತೆ ಜೋತುಬಿತ್ತು. ಸ್ಪ್ರಿಂಗು ಎಷ್ಟು ಎಳೆದರೂ ಬಿಗಿಯಾಗಲೊಲ್ಲದು.

"ದೊಡ್ಡದಾಯ್ತಲ್ಲ. ಅಳತೆ ತಪ್ಪಿದೆಯಾ?" ಎಂದಳು ಸೊಸೆ.

ಅಳತೆ ಎನ್ನುವ ಮಾತಿಗೆ ಟೇಲರಮ್ಮನ ಮೈಯೆಲ್ಲ ಕಿವಿಯಾಯಿತು. ಮೂವತ್ತೆಂಟು ವರ್ಷದಲ್ಲಿ ಅವಳ ಅಳತೆ ತಪ್ಪಿದ್ದಿಲ್ಲ. "ಚಕ್ರದ ಬೆಲ್ಟಿನ ನಂಬರು ಇತ್ತು, ಇದರದ್ದು ಅಳಿಸಿಹೋಗಿತ್ತು. ನಾನೇ ಗಾಡಿಯಡಿ ಟೇಪು ತೂರಿಸಿ ಅಳೆದೆ. ತೊಂಬತ್ತನಾಲ್ಕೂವರೆ ಬಂತು. ಚೀಟಿಯಲ್ಲಿ ತೊಂಬತ್ತಾರು ಅಂತ ಬರೆದೆ."

"ಒಂದೂವರೆ ಇಂಚು ಯಾಕೆ ಜಾಸ್ತಿ?"

"ಯಾಕೆ ಅಂದ್ರೆ..." ಎಂದು ಶುರು ಮಾಡಿದ ಟೇಲರಮ್ಮನ ದನಿ ನಡುವೆಯೇ ಇಳಿಯಿತು. "ಎರಡು ಬೆರಳು ಸಡಿಲ ಬಿಡ್ಬೇಕಲ್ಲ. ಊಟ ಆದ್ಮೇಲೆ ಹಿಡಿಯುತ್ತೆ."

ಯಾವ ಬೆಲ್ಟೇ ಆಗಲಿ, ಯಾವ ಸೊಂಟವೇ ಆಗಲಿ, ಎರಡು ಬೆರಳು ಸಡಿಲ ಸೇರಿಸದೆ ಅವಳು ಅಳತೆ ಬರೆದವಳೇ ಅಲ್ಲ. ಪೆನ್ನು ತಾನಾಗಿಯೇ ಬರೆದಿತ್ತು. ಸೊಸೆ ಮುಖ ಗಾಡಿಯ ಕಡೆ ತಿರುಗಿಸಿಕೊಂಡಳು. ಅವಳ ಹೆಗಲು ಅಲುಗಿದ್ದನ್ನು ಟೇಲರಮ್ಮ ಕಂಡಳು. ನಗು ನುಂಗುತ್ತಿದ್ದಾಳೆ. ನುಂಗಬೇಡ ಹುಡುಗಿ, ನಗು, ಬೈ, ಈ ಮುದುಕಿಗೆ ತಲೆ ಕೆಟ್ಟಿದೆ ಅನ್ನು, ಎಂದು ಅವಳ ಹೊಟ್ಟೆಯೊಳಗಿನ ಮಾತು. ಸೊಸೆ ನುಂಗಿಕೊಂಡು, "ಪರವಾಗಿಲ್ಲ, ಬದಲಾಯಿಸ್ಕೊಂಡು ಬರೋಣ. ಅಂಗಡಿ ಹನ್ನೆರಡಕ್ಕೆ ಮುಚ್ಚುತ್ತೆ" ಎಂದಳು. ನೆಂಟರು ಕೂಡ ಹೀಗೇ ಹೇಳುತ್ತಾರೆ.

ಸ್ಕೂಟರಿನಲ್ಲಿ ಹೋದರು. ಟೇಲರಮ್ಮ ಹಿಂದೆ, ಕೊರಳಿಗೆ ಹಳೆಯದು ಹೊಸದು ಎರಡೂ ಬೆಲ್ಟು. ಸೊಸೆಯ ಸೊಂಟ ಹಿಡಿದುಕೊಳ್ಳಲು ಧೈರ್ಯ ಬಾರದೆ ಸೀಟಿನ ಕಂಬಿಯನ್ನೇ ಹಿಡಿದು ಕೂತಳು. ಆ ಸೊಂಟ ಎಷ್ಟು ಇಂಚು ಎಂದು ಐದು ವರ್ಷದಿಂದ ಅವಳಿಗೆ ಗೊತ್ತು, ಹಿಡಿಯುವ ಸಲುಗೆ ಮಾತ್ರ ಇಲ್ಲ.

ಬೆಲ್ಟಿನ ಅಂಗಡಿಯ ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಬೆಲ್ಟು. ಅಂಗಡಿಯ ಮುದುಕ ಇವರ ಕೈಯಲ್ಲಿದ್ದ ಬೆಲ್ಟು ನೋಡಿದ್ದೇ ಕನ್ನಡಕ ಸರಿ ಮಾಡಿಕೊಂಡು, ಮೊಳೆಯೊಂದಕ್ಕೆ ಚುಚ್ಚಿಟ್ಟಿದ್ದ ಚೀಟಿ ತೆಗೆದ.

"ನಿನ್ನೆ ಕೌಂಟರಲ್ಲಿ ನಮ್ಮ ತಮ್ಮ ಇದ್ದ. ಈ ಚೀಟಿ ನೋಡಿ ನಾವಿಬ್ಬರೂ ನಿನ್ನೆಯಿಂದ ತಲೆ ಕೆಡಿಸ್ಕೊಂಡಿದೀವಿ." ಅವನು ಗಟ್ಟಿಯಾಗಿ ಓದಿದ: "ಸೊಂಟ, ತೊಂಬತ್ತಾರು. ಯಾರಮ್ಮ ಅದು ಇಷ್ಟು ದೊಡ್ಡ ಮನುಷ್ಯ?"

ಅಂಗಡಿಯಲ್ಲಿ ನಿಂತಿದ್ದ ಇನ್ನಿಬ್ಬರು ಗಿರಾಕಿಗಳು ಕಿಸಕ್ಕೆಂದರು. ಟೇಲರಮ್ಮನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅಳತೆಯಲ್ಲೇ ಹೆಸರು ಮಾಡಿದವಳು, ಊರ ಮುಂದೆ ಅಳತೆಗೇ ನಗೆಪಾಟಲು.

"ನಾನೇ ಬರೆದದ್ದು" ಎಂದಳು ಸೊಸೆ. "ದನದ ಡಾಕ್ಟರು ನಾನು. ಹೊಟ್ಟೆ ಬಂದ ಎಮ್ಮೆ ಅಳೆದೂ ಅಳೆದೂ ಅಭ್ಯಾಸ."

ಈಗ ನಗು ಬೇರೆ ಬಣ್ಣಕ್ಕೆ ತಿರುಗಿತು. ಮುದುಕನೂ ನಕ್ಕ. ಹಳೆಯ ಬೆಲ್ಟನ್ನು ಅಳೆದು, "ಓಡಿ ಓಡಿ ಇದು ಸ್ವಲ್ಪ ಹಿಗ್ಗಿರುತ್ತೆ. ಹೊಸದು ಒಂಚೂರು ಕಮ್ಮಿ ತಗೋಬೇಕು ತಾಯಿ, ಜಾಸ್ತಿ ಅಲ್ಲ" ಎಂದು ಬೇರೊಂದನ್ನು ಇಳಿಸಿಕೊಟ್ಟ. ಆಮೇಲೆ ಟೇಲರಮ್ಮನ ಕಡೆ ತಲೆಯಾಡಿಸಿ, "ಇವರು?" ಎಂದ.

ಸೊಸೆಯ ಬಾಯಿ ತೆರೆಯಿತು. ಟೇಲರಮ್ಮ ಉಸಿರು ಬಿಗಿಹಿಡಿದಳು. ಒಂದು ಮಾತು, ಎರಡೇ ಅಕ್ಷರ. ಗೋಡೆಯ ಮೇಲಿನ ಬೆಲ್ಟುಗಳೂ ಕಾಯುತ್ತಿದ್ದಂತೆ ಅವಳಿಗನ್ನಿಸಿತು.

"ಇವರು... ನನ್ನ ಜೊತೆ ಬಂದಿರೋರು" ಎಂದಳು ಸೊಸೆ.

ವಾಪಸು ಬರುವಾಗ ಟೇಲರಮ್ಮನಿಗೆ ಅಳು ಬಂದಂತಾಯಿತು, ನಗುವೂ ಬಂತು. ಊರ ಮುಂದೆ ನನ್ನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡವಳಿಗೆ ನಾನು ಯಾರು ಎಂದು ಹೇಳಲು ಬಾಯಿ ಬರಲಿಲ್ಲ. ಬೈಯೋಣವೆಂದರೆ ತನ್ನ ಬಾಯಿಯೂ ಅಷ್ಟೇ. ಮನೆಗೆ ಬಂದು, ಬ್ರೆಡ್ಡು ಸಾರು ಅಂತ ಇದ್ದದ್ದನ್ನು ಶೆಡ್ಡಿನಲ್ಲಿ ನಿಂತುಕೊಂಡೇ ತಿಂದು, ಮತ್ತೆ ಕೆಲಸಕ್ಕಿಳಿದರು. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಹೊಸ ಬೆಲ್ಟು ತಟ್ಟೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು. ತಟ್ಟೆಯನ್ನು ಗಾಡಿಯ ಹೊಟ್ಟೆಯಡಿ ತಳ್ಳಿ ಪಿನ್ನು ಹಾಕಿದರು. ಉಳಿದದ್ದು ಒಂದೇ, ಆದರೆ ಕಷ್ಟದ್ದು. ಬೆಲ್ಟನ್ನು ಬಿಗಿಹಿಡಿಯುವ ಸ್ಪ್ರಿಂಗಿನ ಸನ್ನೆಗೋಲನ್ನು ಒಬ್ಬರು ಪೂರ್ತಿ ಎಳೆದು ಹಿಡಿದಿರಬೇಕು. ಅಷ್ಟರಲ್ಲಿ ಇನ್ನೊಬ್ಬರು ಗಾಡಿಯಡಿ ಮಲಗಿ ಬೆಲ್ಟನ್ನು ಎಂಜಿನ್ನಿನ ರಾಟೆಗೆ ಏರಿಸಬೇಕು. ಸ್ಪ್ರಿಂಗಿಗೆ ಕುದುರೆಯ ಶಕ್ತಿ. ಕೈ ಜಾರಿದರೆ ಅಡಿಯಲ್ಲಿರುವವರ ಬೆರಳು ಚಟ್ನಿ.

ಸೊಸೆ ಅಡಿಗೆ ತೂರಿದಳು. ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು ಮಾತ್ರ. ಟೇಲರಮ್ಮ ಸನ್ನೆಗೋಲಿಗೆ ಹಗ್ಗ ಕಟ್ಟಿ, ಕಾಲನ್ನು ಚಕ್ರಕ್ಕೆ ಒದ್ದುಕೊಂಡು, ಹಿಂದಕ್ಕೆ ಜಗ್ಗಿ ಕೂತಳು.

"ಹಾಂ, ಹಾಗೇ" ಎಂದಿತು ಗಾಡಿಯಡಿಯ ದನಿ. "ಬರ್ತಾ ಇದೆ... ಇನ್ನೊಂದು ಚೂರು..."

ಆಗ ಟೇಲರಮ್ಮನ ಮೂಗಿನೊಳಗೆ ತುಕ್ಕಿನ ಪುಡಿ ಹೊಕ್ಕಿತು. ಅವಳು ಮೂಗನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಎರಡು ಕೈಯಲ್ಲೂ ಹಗ್ಗ. ಸೀನು ಮೇಲೇರಿತು, ಹಗ್ಗ ಎರಡಿಂಚು ಜಾರಿತು, ಅಡಿಯಲ್ಲಿ ಬೆಲ್ಟು ಕಿರ್ರೆಂದಿತು.

"ಏ, ಅಲ್ಲಾಡಬೇಡ್ವೇ! ನಿಲ್ಲೇ ಅಂದ್ರೆ ನಿಲ್ಲಬೇಕು! ಹಿಡ್ಕೊಳೇ ಗಟ್ಟಿಯಾಗಿ, ಮುದುಕಿ!"

ಟೇಲರಮ್ಮ ಸೀನನ್ನು ನುಂಗಿ ಹಗ್ಗವನ್ನು ಎದೆಗೆಳೆದುಕೊಂಡಳು. ಟಪ್ಪೆಂದು ಬೆಲ್ಟು ರಾಟೆಗೆ ಏರಿ ಕೂತಿತು.

ಗಾಡಿಯಡಿಯ ಎರಡು ಬೂಟುಗಳು ನೆಟ್ಟಗೆ ನಿಂತಿದ್ದವು, ಒಂಚೂರೂ ಅಲುಗುತ್ತಿರಲಿಲ್ಲ. ಒಳಗಿನಿಂದ ಸಣ್ಣ ದನಿ ಬಂತು. "ನಾನು... ಹಸು ಅಂದ್ಕೊಂಡುಬಿಟ್ಟೆ."

ಸುಮ್ಮನಿದ್ದಿದ್ದರೆ ಇಬ್ಬರೂ ಬಚಾವಾಗುತ್ತಿದ್ದರೋ ಏನೋ. ಟೇಲರಮ್ಮನ ಹೊಟ್ಟೆಯೊಳಗಿನಿಂದ ಮೊದಲು ಸೀನು ಬಂತು, ಅದರ ಹಿಂದೆಯೇ ನಗು. ನಾಲ್ಕು ತಿಂಗಳ ನಗು ಒಟ್ಟಿಗೆ ಬಂತು. ಹಗ್ಗ ಬಿಟ್ಟು ನೆಲದ ಮೇಲೆ ಉರುಳಿದಳು. "ಒದೀಲಿಲ್ಲ ತಾನೆ ನಾನು?" ಎಂದು ಕೇಳಿದಳು, ಕೇಳಿ ತಾನೇ ಮತ್ತೆ ನಕ್ಕಳು. ಗಾಡಿಯಡಿಯಿಂದಲೂ ಕುಲುಕುಲು ಶುರುವಾಯಿತು. ಬೂಟುಗಳು ಕುಣಿದವು. "ಇಲ್ಲ, ಒಳ್ಳೇ ಹಸು" ಎಂದಿತು ಅಲ್ಲಿಯ ದನಿ, ಆಮೇಲೆ ಎಷ್ಟೋ ಹೊತ್ತು ಮಾತೇ ಇಲ್ಲ, ಬರೀ ನಗು. ಹೊಟ್ಟೆ ನೋಯುವಷ್ಟು, ಕಣ್ಣಲ್ಲಿ ನೀರು ಬರುವಷ್ಟು.

ಟೇಲರಮ್ಮನ ಎದೆ ಹಿಗ್ಗಿ ಆಕಾಶದಷ್ಟಾಗಿತ್ತು. ಏ ಅಂದಳು, ನಿಲ್ಲೇ ಅಂದಳು, ಮುದುಕಿ ಅಂದಳು. ನೆಂಟರನ್ನು ಯಾರೂ ಮುದುಕಿ ಅನ್ನುವುದಿಲ್ಲ. ಇದೇ ಸಮಯ, ಈಗಲೇ ನಾನೂ ಅಂದುಬಿಡಬೇಕು, ಬಾರೇ ಹೊರಗೆ ಅನ್ನಬೇಕು ಎಂದು ಅವಳು ಕಣ್ಣೊರೆಸಿಕೊಂಡು, ಕೈ ಚಾಚಿ, ಬಾಯಿ ತೆರೆದಳು.

"ಬನ್ನಿ ಡಾಕ್ಟ್ರೇ" ಎಂದಿತು ಹಾಳು ಬಾಯಿ.

ನಗು ನಿಂತಿತು. ಸೊಸೆ ಹೊರಗೆ ಬಂದು ಕೋಟು ಕೊಡವಿಕೊಂಡಳು. "ತಪ್ಪು ತಿಳ್ಕೋಬೇಡಿ. ಕೆಲಸದ ಅಭ್ಯಾಸ. ಹಾಗೆಲ್ಲ ಮಾತಾಡಬಾರದಿತ್ತು" ಎಂದಳು, ಗಡಿಯಾರ ನೋಡಿದಳು. ನಾಲ್ಕು ಗಂಟೆ. ಟೇಲರಮ್ಮನಿಗೆ ತನ್ನ ಬಾಯಿಗೆ ತಾನೇ ಎರಡು ಬಾರಿಸಬೇಕೆನ್ನಿಸಿತು.

ಪ್ಲಗ್ಗಿಗೆ ವೈರು ಸಿಕ್ಕಿಸಿದರು. "ನೀವೇ ಓಡಿಸಿ ನೋಡಿ" ಎಂದಳು ಸೊಸೆ. ಬೇಡ ಅನ್ನಲು ಹೋದ ಟೇಲರಮ್ಮ ಸೀಟನ್ನು ನೋಡಿದಳು, ಅನ್ನಲಿಲ್ಲ. ಹತ್ತಿ ಕೂತಳು. ಕೀಲಿ ತಿರುಗಿಸಿದಳು. ಎಂಜಿನ್ನು ಗುಡುಗಿತು, ಪೆಡಲು ಒತ್ತಿದಳು, ಗಾಡಿ ಮುಂದಕ್ಕೆ ಹೊರಟಿತು. ಬ್ಲೇಡಿನ ಹಿಡಿಕೆ ಎತ್ತಿದಳು. ಮೊಣಕಾಲೆತ್ತರದ ಹುಲ್ಲು ಪಕ್ಕಕ್ಕೆ ಹಾರತೊಡಗಿತು.

ಅಯ್ಯೋ ಇಷ್ಟು ಚೆನ್ನಾಗಿರುತ್ತದೆಯೇ ಇದು ಎಂದುಕೊಂಡಳು ಅವಳು. ಇದಕ್ಕೇ ಆ ಮನುಷ್ಯ ಸೀಟು ಬಿಟ್ಟುಕೊಡುತ್ತಿರಲಿಲ್ಲ. ಗಾಡಿಯ ವೇಗ ಹೆಚ್ಚೆಂದರೆ ನಡೆದುಹೋಗುವವರದಷ್ಟು, ಅವಳಿಗೆ ಮಾತ್ರ ಕಿವಿಯಲ್ಲಿ ಗಾಳಿ. ಒಂದು ಸುತ್ತು, ಎರಡು ಸುತ್ತು. ಹಸಿ ಹುಲ್ಲಿನ ವಾಸನೆಗೆ ತಲೆ ಗಿರ್ರೆಂದಿತು. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿದರು, ಅವಳು ರಾಣಿಯಂತೆ ಕೈ ಬೀಸಿದಳು.

ನಾಲ್ಕನೆಯ ಸುತ್ತಿನಲ್ಲಿ ನೋಡಿದರೆ ಮಗ ಬಂದು ನಿಂತಿದ್ದ, ಕೈಯಲ್ಲಿ ಬ್ರೆಡ್ಡಿನ ಚೀಲ, ಬಾಯಿ ತೆರೆದೇ ಇತ್ತು. ಐದನೆಯ ಸುತ್ತಿನಲ್ಲಿ ನೋಡಿದರೆ ಅವನು ಹೆಂಡತಿಗೆ ಕೈಗಡಿಯಾರ ತೋರಿಸುತ್ತಿದ್ದ. ಸೊಸೆ ಕೋಟು ಬಿಚ್ಚಿ ಕೈ ಒರೆಸಿಕೊಳ್ಳುತ್ತಿದ್ದಳು. ಹೊರಟರು. ಹುಲ್ಲು ಅರ್ಧ ಕತ್ತರಿಸಿಯಾಗಿದೆ, ಆದರೂ ಹೊರಟರು.

ಆರನೆಯ ಸುತ್ತಿನಲ್ಲಿ, ಸೀಟಿನ ಮೇಲೆ ಕೂತವಳಿಗೆ ಎಲ್ಲಿಂದಲೋ ಧೈರ್ಯ ಬಂತು. ಎಂಜಿನ್ನಿನ ಗದ್ದಲದಲ್ಲಿ ಹೇಗೂ ತನ್ನ ಮಾತು ತನಗೇ ಕೇಳುವುದಿಲ್ಲ. ಅವಳು ಅವರತ್ತ ತಿರುಗಿ ಕೂಗಿದಳು. ಸೊಸೆ ಕಿವಿಗೆ ಕೈ ಹಿಡಿದು "ಏನು?" ಎಂಬಂತೆ ಸನ್ನೆ ಮಾಡಿದಳು. ಇವಳು ಇನ್ನೂ ಗಟ್ಟಿಯಾಗಿ ಕೂಗಿದಳು. ಸೊಸೆ ಮತ್ತೆ ತಲೆಯಾಡಿಸಿದಳು, ಕೇಳಲಿಲ್ಲ. ಟೇಲರಮ್ಮ ಎದೆ ತುಂಬ ಉಸಿರೆಳೆದುಕೊಂಡು, ಸೀಟಿನಿಂದ ಅರ್ಧ ಎದ್ದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಾಯಿ ತೆರೆದಳು.

ಬ್ಲೇಡು ತಿರುಗುವಾಗ ಕೂತವರು ಸೀಟಿನಿಂದ ಎದ್ದರೆ, ಬಿದ್ದರೇನೋ ಎಂದುಕೊಂಡು ಆ ಗಾಡಿ ತನ್ನಷ್ಟಕ್ಕೆ ಆರಿಹೋಗುತ್ತದೆ. ಸೀಟಿನಡಿ ಅದಕ್ಕೊಂದು ಸ್ವಿಚ್ಚಿದೆ. ಎಂದೂ ಅಲ್ಲಿ ಕೂರದವಳಿಗೆ ಅದು ಗೊತ್ತಿರಲಿಲ್ಲ. ಎಂಜಿನ್ನು ಗಪ್ಪಂತ ನಿಂತಿತು.

"ಹೋಗಬೇಡ ಕಣೇ!"

ಹಿತ್ತಲಿಗೆಲ್ಲ ಕೇಳಿತು. ಬೇಲಿಯಾಚೆ ಕೇಳಿತು. ಬೀದಿಯ ಕೊನೆಯ ನಾಯಿಗೂ ಕೇಳಿತು. ಟೇಲರಮ್ಮ ಅರ್ಧ ಎದ್ದವಳು ಹಾಗೇ ನಿಂತಿದ್ದಳು, ತಲೆಯ ತುಂಬ ಹುಲ್ಲು.

"ಎಲ್ಲಿಗಮ್ಮ ಹೋಗ್ಬಾರ್ದು?" ಎಂದ ಮಗ.

"ನೀನು ಸುಮ್ನಿರು. ನೀನು ಬೇಕಾದ್ರೆ ಹೋಗು. ನಾನು ಹೇಳ್ತಿರೋದು ಅವಳಿಗೆ." ಒಮ್ಮೆ ಬಿಟ್ಟ ಬಾಯಿ ಮತ್ತೆ ಮುಚ್ಚಿಕೊಳ್ಳಲಿಲ್ಲ. "ಗೋಡೆ ಆಚೆ ಮಾತಾಡಿದ್ದು ಕೇಳಿಸ್ಕೊಂಡೆ ಕಣೇ. ನಿನಗೆ ಲೋಟ ತೊಳೀಬೇಕಾ, ತೊಳಿ. ಮನೇಲಿರೋ ಪಾತ್ರೆ ಎಲ್ಲಾ ತೊಳಿ. ನನ್ನ ಮುದುಕಿ ಅನ್ನು, ಹಸು ಅನ್ನು, ಏನಾದ್ರೂ ಅನ್ನು. ನೀನಿಲ್ಲದೆ ನನಗೆ ಈ ಮನೇಲಿ ಇರೋಕಾಗಲ್ಲ."

ಸೊಸೆಯ ಕಣ್ಣು ತುಂಬಿತ್ತು. ಅದನ್ನು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡಳು. ಆಮೇಲೆ ಪ್ಯಾಂಟಿನ ಜೇಬಿನಿಂದ ಫೋನು ತೆಗೆದು, ಒಂದು ನಂಬರು ಒತ್ತಿ, ಕಿವಿಗಿಟ್ಟುಕೊಂಡಳು.

"ಹಲೋ, ಐದು ಗಂಟೆಗೆ ಮನೆ ನೋಡೋಕೆ ಬರ್ತೀವಿ ಅಂದಿದ್ವಲ್ಲ, ನಾವೇ. ಬರ್ತಾ ಇಲ್ಲ. ಇಲ್ಲ ಇಲ್ಲ, ಬೇರೆ ಕಡೆ ಸಿಕ್ಕಿಲ್ಲ. ನಮ್ಮ ಅತ್ತೆ ಬೇಡ ಅಂದ್ರು."

ಟೇಲರಮ್ಮ ಸೀಟಿನ ಮೇಲೆ ದೊಪ್ಪನೆ ಕೂತಳು. ಫೋನಿನ ಆ ಕಡೆಯಿಂದ ಯಾರೋ ಮರುಕದ ದನಿಯಲ್ಲಿ ಉದ್ದಕ್ಕೆ ಏನೋ ಹೇಳುತ್ತಿದ್ದರು. ಸೊಸೆ ಅಷ್ಟನ್ನೂ ಕೇಳಿಸಿಕೊಂಡಳು, ಟೇಲರಮ್ಮನ ಮುಖವನ್ನೇ ನೋಡುತ್ತ.

"ಹೌದು" ಎಂದಳು. "ನಮ್ಮತ್ತೆ ಸ್ವಲ್ಪ ಜೋರೇ. ಏನ್ ಮಾಡೋದು ಹೇಳಿ, ಅನುಸರಿಸ್ಕೊಂಡು ಹೋಗ್ಬೇಕು."